ತೋಟದ ನೆಟ್‌ವರ್ಕ್, ಎರಡು ಅರ್ತ್ ಗುಂಡಿ, ಹೂಮಳೆಯ ಸಿಡಿಲು: ಮೂಡಿಗೆರೆಯ ಒಂದು ಪ್ರಕರಣ ಅಧ್ಯಯನ

ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ತೋಟ. ಮೂರು ವರ್ಷ ಸತತವಾಗಿ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಹೊತ್ತಿನ ಗುಡುಗು ಸಿಡಿಲಿಗೆ ಇಲ್ಲಿನ ಇಂಟರ್ನೆಟ್, ಕ್ಯಾಮೆರಾ, ಇಂಟರ್‌ಕಾಮ್ ಕೆಟ್ಟಿದ್ದವು. ಬಂದವರೆಲ್ಲ ಸುಟ್ಟ ಸಾಮಾನು ಬದಲಾಯಿಸಿ, ‘ಅರ್ತಿಂಗ್ ಸರಿ ಮಾಡಿಸಿ’ ಎಂದು ಹೇಳಿ ಹೋಗಿದ್ದರು. ತೋಟದವರು ಮಾಡಿಸಿದ್ದರು ಕೂಡ. ಒಂದಲ್ಲ, ಎರಡು ಅರ್ತ್ ಗುಂಡಿ, ಅಂದರೆ ಕರೆಂಟನ್ನು ನೆಲಕ್ಕೆ ಇಳಿಸುವ ಗುಂಡಿ. ಆದರೂ ಸುಟ್ಟಿತು. ನಿಜ ಹೇಳಬೇಕೆಂದರೆ, ಆ ಎರಡು ಗುಂಡಿ ಬೇರೆ ಬೇರೆಯಾಗಿ ಇದ್ದದ್ದರಿಂದಲೇ ಅಷ್ಟು ಸುಟ್ಟಿತು. ಇದನ್ನು ಬಿಡಿಸಿ ಬರೆಯಲು ಕಾರಣವಿದೆ. ಮಲೆನಾಡಿನ ತೋಟ, ಹೋಂಸ್ಟೇ, ಶಾಲೆ, ಸೊಸೈಟಿ ಆಫೀಸುಗಳಲ್ಲಿ ಇದೇ ಜೋಡಣೆಯನ್ನು ಪದೇ ಪದೇ ನೋಡುತ್ತಿದ್ದೇನೆ.

ಜಾಗ ಹೀಗಿದೆ. ದಿಬ್ಬದ ಮೇಲೆ ಮಾಲೀಕರ ಮನೆ, ಮನೆಗೆ ಅಂಟಿಕೊಂಡೇ ಆಫೀಸ್ ಕೋಣೆ. ಮನೆ ಹಿಂದೆ ಸುಮಾರು 35 ಮೀಟರ್ ಆಚೆ 12 ಮೀಟರ್ ಎತ್ತರದ ಜಿಐ (ಸತುವಿನ ಲೇಪದ ಕಬ್ಬಿಣ) ಪೈಪಿನ ಕಂಬ, ಮೂರು ಕಡೆ ಸ್ಟೇ ವೈರ್. ಕಂಬದ ತುದಿಯಲ್ಲಿ ವೈರ್‌ಲೆಸ್ ರೇಡಿಯೋ. ಫೈಬರ್ ಇನ್ನೂ ಈ ಕಡೆ ಬಂದಿಲ್ಲ, ಎದುರು ಗುಡ್ಡದ ಟವರ್‌ನಿಂದ ಈ ರೇಡಿಯೋಗೆ ಇಂಟರ್ನೆಟ್ ಬರುತ್ತದೆ. ರೇಡಿಯೋಗೆ ಕರೆಂಟೂ ಡೇಟಾನೂ ಒಂದೇ ಕ್ಯಾಟ್ 6 ಕೇಬಲಿನಲ್ಲಿ ಹೋಗುತ್ತದೆ. ಆಫೀಸಿನಲ್ಲಿ ರೂಟರ್, ನೆಟ್‌ವರ್ಕ್ ಕೇಬಲುಗಳನ್ನು ಸೇರಿಸುವ ಸ್ವಿಚ್, ಕ್ಯಾಮೆರಾ ರೆಕಾರ್ಡರ್, ಇಂಟರ್‌ಕಾಮ್ ಫೋನುಗಳನ್ನು ಜೋಡಿಸುವ ಒಂದು ಚಿಕ್ಕ ಇಪಿಎಬಿಎಕ್ಸ್. ಅಲ್ಲಿಂದ 80 ಮೀಟರ್ ದೂರದ ಕಣ ಮತ್ತು ಗೋಡೌನಿಗೆ ಒಂದು ನೆಟ್‌ವರ್ಕ್ ಕೇಬಲ್, ಒಂದು ಫೋನ್ ಲೈನ್. ಕೆಳಗಿನ ಗೇಟಿಗೂ ಹಾಗೆಯೇ ಒಂದು ಕ್ಯಾಮೆರಾ ಕೇಬಲ್, ಒಂದು ಫೋನ್ ಲೈನ್. ಎಲ್ಲವೂ ತಾಮ್ರ. ಅರ್ತ್ ಗುಂಡಿ ಮನೆಗೆ ಒಂದು, ಕಂಬಕ್ಕೆ ಇನ್ನೊಂದು.

ಏಪ್ರಿಲ್‌ನ ಒಂದು ಸಂಜೆ ಸಿಡಿಲು ಬಡಿಯಿತು. ಕಂಬಕ್ಕಲ್ಲ, ಮನೆಗಲ್ಲ. ಕಂಬದಿಂದ ಸುಮಾರು ನೂರು ಮೀಟರ್ ಕೆಳಗಿನ ಒಂದು ಸಿಲ್ವರ್ (ಸಿಲ್ವರ್ ಓಕ್) ಮರಕ್ಕೆ. ತುದಿಯಿಂದ ಬುಡದವರೆಗೆ ತೊಗಟೆ ಒಂದು ಅಂಗೈ ಅಗಲಕ್ಕೆ ಸೀಳಿಹೋಗಿತ್ತು. ತೋಟದ ರೈಟರ್ (ಲೆಕ್ಕಪತ್ರ ಬರೆಯುವವರು) ಅದನ್ನು ತೋರಿಸಿ, “ಅಲ್ಲ ಮಾರಾಯ್ರೇ, ಸಿಡ್ಲು ಬಿದ್ದಿದ್ದು ಅಲ್ಲಿ, ಸುಟ್ಟಿದ್ದು ಇಲ್ಲಿ. ಹೆಂಗೆ ಸಾರ್?” ಎಂದು ಕೇಳಿದರು. ಇಡೀ ಪ್ರಕರಣ ಆ ಪ್ರಶ್ನೆಯಲ್ಲೇ ಇದೆ.

ಏನು ಸುಟ್ಟಿತು, ಏನು ಉಳಿಯಿತು

ಇಂಥ ಕಡೆ ಹೋದಾಗ ಸುಟ್ಟದ್ದರ ಪಟ್ಟಿಯ ಜೊತೆಗೆ ಉಳಿದದ್ದರ ಪಟ್ಟಿಯನ್ನೂ ಮಾಡಬೇಕು. ಎರಡನೆಯದರಲ್ಲೇ ಸುಳಿವು ಜಾಸ್ತಿ ಸಿಗುತ್ತದೆ.

ಸುಟ್ಟದ್ದು: ರೇಡಿಯೋದ ಪೋರ್ಟ್, ಅದಕ್ಕೆ ಕರೆಂಟ್ ಕೊಡುವ ಪಿಒಇ ಅಡಾಪ್ಟರ್, ರೂಟರ್‌ನ ವ್ಯಾನ್ (ಹೊರಗಿನ ಇಂಟರ್ನೆಟ್ ಬರುವ) ಪೋರ್ಟ್, ಸ್ವಿಚ್‌ನಲ್ಲಿ ಗೋಡೌನ್ ಕೇಬಲ್ ಚುಚ್ಚಿದ್ದ ಪೋರ್ಟ್ ಒಂದೇ, ಇಪಿಎಬಿಎಕ್ಸ್‌ನಲ್ಲಿ ಗೋಡೌನ್ ಮತ್ತು ಗೇಟಿನ ಎಕ್ಸ್‌ಟೆನ್ಶನ್ ಕಾರ್ಡ್. ಉಳಿದದ್ದು: ಟಿವಿ, ಫ್ರಿಜ್, ಯುಪಿಎಸ್, ಎಲ್ಇಡಿ ಬಲ್ಬುಗಳು, ಮೊಬೈಲ್ ಚಾರ್ಜರ್‌ಗಳು, ರೂಟರ್‌ನ ವೈಫೈ ಕೂಡ. ಎಂಸಿಬಿ ಒಂದೂ ಬಿದ್ದಿರಲಿಲ್ಲ.

ಕರೆಂಟ್ ಲೈನಿನಲ್ಲಿ ಸರ್ಜ್, ಅಂದರೆ ಕ್ಷಣಕಾಲದ ಭಾರೀ ವೋಲ್ಟೇಜ್, ಬಂದಿದ್ದರೆ ಮೊದಲು ಹೋಗಬೇಕಾದದ್ದು ಅಗ್ಗದ ಚಾರ್ಜರ್, ಎಲ್ಇಡಿ ಬಲ್ಬು. ಅವು ಚೆನ್ನಾಗಿದ್ದವು. ಹೋದದ್ದೆಲ್ಲ ಕಟ್ಟಡದಿಂದ ಹೊರಗೆ ಹೋಗುವ ತಾಮ್ರದ ತಂತಿಗೆ ಸೇರಿದ ಪೋರ್ಟುಗಳೇ. ಸ್ವಿಚ್‌ನಲ್ಲಿ ಒಳಗಿನ ಕಂಪ್ಯೂಟರ್‌ಗಳ ಪೋರ್ಟುಗಳಿಗೆ ಏನೂ ಆಗಿರಲಿಲ್ಲ. ಪ್ಲಗ್ ಪಾಯಿಂಟಿಗೆ ಸರ್ಜ್ ತಡೆಯುವ ದುಬಾರಿ ಸ್ಪೈಕ್ ಬೋರ್ಡ್ ಹಾಕಿಸಿದ್ದು ಯಾಕೆ ಉಪಯೋಗಕ್ಕೆ ಬರಲಿಲ್ಲ ಎಂಬುದಕ್ಕೆ ಉತ್ತರ ಇಲ್ಲೇ ಸಿಕ್ಕಿತು. ಅದು ಕಾಯುತ್ತಿದ್ದ ಬಾಗಿಲಿನಿಂದ ಸಿಡಿಲು ಬರಲೇ ಇಲ್ಲ.

ಸ್ವಿಚ್ ಬಿಚ್ಚಿ ನೋಡಿದೆ. ಪ್ರತಿ ಪೋರ್ಟಿನ ಹಿಂದೆ ಒಂದು ಪುಟ್ಟ ಕಪ್ಪು ಡಬ್ಬಿ ಇರುತ್ತದೆ. ಅದರೊಳಗೆ ಕೂದಲಿನಷ್ಟು ಸಣ್ಣ ತಂತಿ ಸುತ್ತಿದ ಟ್ರಾನ್ಸ್‌ಫಾರ್ಮರ್‌ಗಳು. ಹೊರಗಿನ ಕೇಬಲಿಗೂ ಒಳಗಿನ ಚಿಪ್ಪಿಗೂ ನೇರ ಸಂಪರ್ಕ ಇರಬಾರದು ಎಂದೇ ಅದನ್ನು ಇಟ್ಟಿರುತ್ತಾರೆ. ಈಥರ್ನೆಟ್ ಮಾನದಂಡದ ಪ್ರಕಾರ ಅದು 1,500 ವೋಲ್ಟ್ ತಡೆಯಬೇಕು. ಗೋಡೌನ್ ಪೋರ್ಟಿನ ಡಬ್ಬಿಯ ಪಕ್ಕದಲ್ಲಿದ್ದ 75 ಓಮ್‌ನ ಸಣ್ಣ ರೆಸಿಸ್ಟರ್‌ಗಳು ಸಿಡಿದು ಹಾರಿಹೋಗಿದ್ದವು. ಅಲ್ಲಿಂದ ಚಾಸಿಗೆ (ತಗಡಿನ ಕವಚಕ್ಕೆ) ಹೋಗುವ ಕೆಪಾಸಿಟರ್ ಎರಡು ಹೋಳಾಗಿತ್ತು. ಬೋರ್ಡಿನ ಮೇಲಿನ ತಾಮ್ರದ ಗೆರೆ ಮೇಲೆದ್ದು, ತಗಡಿನ ಕವಚದವರೆಗೂ ಮಸಿಯ ಒಂದು ಹಾದಿ ಬಿದ್ದಿತ್ತು. ಹೊರಗಿನ ಕೇಬಲಿನಿಂದ ಬಂದದ್ದು ಡಬ್ಬಿಯನ್ನು ದಾಟಿ ಕವಚಕ್ಕೆ ಹಾರಿ, ಅಲ್ಲಿಂದ ಮನೆಯ ಅರ್ತಿಗೆ ಇಳಿದಿದೆ. ಬೆಂಕಿ ಹೋದ ದಾರಿಯನ್ನು ಬೋರ್ಡೇ ಬರೆದಿಟ್ಟಂತಿತ್ತು.

ನೆಲದ ವೋಲ್ಟೇಜ್

ಈಗ ರೈಟರ್ ಕೇಳಿದ ಪ್ರಶ್ನೆಗೆ ಬರೋಣ. ನೆಲ ಅಂದರೆ ಸೊನ್ನೆ ವೋಲ್ಟ್ ಎಂದು ನಾವೆಲ್ಲ ಕಲಿತಿದ್ದೇವೆ. ಸಿಡಿಲು ಬಡಿದ ಆ ಕ್ಷಣಕ್ಕೆ ಅದು ನಿಜವಲ್ಲ. ಮರಕ್ಕೆ ಇಳಿದ ಕರೆಂಟು ಬುಡದಿಂದ ಸುತ್ತಲೂ ಮಣ್ಣಿನಲ್ಲಿ ಹರಡುತ್ತದೆ. ಮಣ್ಣು ತಡೆ ಒಡ್ಡುತ್ತದೆ, ಆದ್ದರಿಂದ ನೆಲದ ವೋಲ್ಟೇಜೇ ಮೇಲೇರುತ್ತದೆ. ಹತ್ತಿರದಲ್ಲಿ ಜಾಸ್ತಿ, ದೂರ ಹೋದಂತೆ ಕಡಿಮೆ.

ಅಂದಾಜು ಲೆಕ್ಕ ಹಾಕಬಹುದು. ಒಂದು ಸಾಧಾರಣ ಸಿಡಿಲಿನ ಮೊದಲ ಹೊಡೆತ 30 ಕಿಲೋ ಆಂಪಿಯರ್ ಆಸುಪಾಸು. ಏಪ್ರಿಲ್‌ನ ಒಣ ಜಂಬಿಟ್ಟಿಗೆ ಮಣ್ಣಿಗೆ 1,000 ಓಮ್-ಮೀಟರ್ ರೋಧಕತೆ ಎಂದಿಟ್ಟುಕೊಳ್ಳೋಣ. ಮಣ್ಣಿನ ರೋಧಕತೆಯನ್ನು ಕರೆಂಟಿನಿಂದ ಗುಣಿಸಿ, ಬಂದದ್ದನ್ನು ದೂರ ಮತ್ತು ಪೈಯ ಎರಡರಷ್ಟರ ಗುಣಲಬ್ಧದಿಂದ ಭಾಗಿಸಬೇಕು. ನೂರು ಮೀಟರ್ ದೂರದ ಕಂಬದ ಗುಂಡಿಯ ಹತ್ತಿರ ನೆಲ ಸುಮಾರು 48,000 ವೋಲ್ಟಿಗೆ ಏರುತ್ತದೆ. 135 ಮೀಟರ್ ದೂರದ ಮನೆಯ ಗುಂಡಿಯ ಹತ್ತಿರ ಸುಮಾರು 35,000. ಎರಡರ ನಡುವೆ 12,000 ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ. ಈ ಎರಡು ಗುಂಡಿಗಳನ್ನು ಸೇರಿಸುವ ತಂತಿ ಇದ್ದದ್ದು ಒಂದೇ: ರೇಡಿಯೋದಿಂದ ಆಫೀಸಿಗೆ ಬರುವ ಕ್ಯಾಟ್ 6 ಕೇಬಲ್. ಅದರ ಎರಡೂ ತುದಿಯಲ್ಲಿ 1,500 ವೋಲ್ಟ್ ತಡೆಯುವ ಡಬ್ಬಿಗಳು. ಉಳಿಯಲು ಸಾಧ್ಯವೇ ಇರಲಿಲ್ಲ.

ಗೋಡೌನ್ ಕೇಬಲಿನ ಕಥೆ ಸ್ವಲ್ಪ ಬೇರೆ. ಆ 80 ಮೀಟರ್ ಕೇಬಲ್ ಒಂದು ಕಡೆ, ಗೋಡೌನಿಗೆ ಬೇರೆ ದಾರಿಯಲ್ಲಿ ಹೋದ ಕರೆಂಟ್ ವೈರ್ ಇನ್ನೊಂದು ಕಡೆ. ಎರಡೂ ಸೇರಿ ನೆಲದ ಮೇಲೆ ಒಂದು ದೊಡ್ಡ ಸುತ್ತು ಆಗುತ್ತದೆ. ಸಿಡಿಲಿನ ಕರೆಂಟು ಒಂದೆರಡು ಮೈಕ್ರೋಸೆಕೆಂಡಿನಲ್ಲಿ ಏರಿದಾಗ ಅದರ ಕಾಂತಕ್ಷೇತ್ರ ಆ ಸುತ್ತಿನಲ್ಲಿ ಸಾವಿರಾರು ವೋಲ್ಟ್ ಹುಟ್ಟಿಸುತ್ತದೆ. ಸಿಡಿಲು ಕೇಬಲನ್ನು ಮುಟ್ಟಲೇಬೇಕೆಂದಿಲ್ಲ. ಸುತ್ತು ದೊಡ್ಡದಾದಷ್ಟೂ ಹೊಡೆತ ದೊಡ್ಡದು.

ಇನ್ನು ಆ ಎರಡನೇ ಗುಂಡಿ. ಹಿಂದೆ ಕಂಬ ನಿಲ್ಲಿಸಿದವರು ಅದಕ್ಕೆ ಪ್ರತ್ಯೇಕ ಅರ್ತ್ ಮಾಡಿಸಿ, ಮನೆಯ ಎಲೆಕ್ಟ್ರಿಕಲ್ ಅರ್ತಿಗೆ ತಾಗಿಸಲೇಬಾರದು ಎಂದು ಹೇಳಿದ್ದರು. ಸಿಡಿಲು ಮನೆಯೊಳಗೆ ಬರಬಾರದು, ಅಲ್ವಾ? ಉದ್ದೇಶ ಒಳ್ಳೆಯದೇ. ಆದರೆ ಸಲಕರಣೆ ಸುಡುವುದು ವೋಲ್ಟೇಜ್ ಎಷ್ಟು ಎತ್ತರಕ್ಕೆ ಏರಿತು ಎಂಬುದರಿಂದಲ್ಲ, ಅದರ ಎರಡು ಬದಿಗಳ ನಡುವಿನ ವ್ಯತ್ಯಾಸದಿಂದ. ಒಂದೇ ತೆಪ್ಪದ ಮೇಲೆ ಕೂತವರು ನೆರೆ ಏರಿದರೂ ಒಟ್ಟಿಗೇ ಏರುತ್ತಾರೆ. ಕರೆಂಟ್, ಫೋನ್, ನೆಟ್‌ವರ್ಕ್, ಕಂಬ, ಎಲ್ಲದರ ಅರ್ತೂ ಒಂದಕ್ಕೊಂದು ಸೇರಿರಬೇಕು. ಸಿಡಿಲು ರಕ್ಷಣೆಯ ಅಂತರರಾಷ್ಟ್ರೀಯ ಮಾನದಂಡ ಐಇಸಿ 62305 ಇದನ್ನೇ ಹೇಳುತ್ತದೆ. ಟೆಲಿಕಾಂ ಕಟ್ಟಡಗಳ ಒಳಗಿನ ಜೋಡಣೆಗೆ ಇರುವ ಐಟಿಯು-ಟಿ (ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ) ಕೆ.27 ಶಿಫಾರಸಿನ ಜೀವಾಳವೂ ಇದೇ.

“ಎರಡೂ ಗುಂಡಿ ಐದು ಓಮ್ ಒಳಗಿದೆ, ಅಳೆಸಿದ್ದೇವೆ” ಎಂದು ಮಾಲೀಕರು ಒಂದು ಚೀಟಿ ತೋರಿಸಿದರು. ಚೀಟಿಯ ಮೇಲೆ ಜುಲೈ ತಿಂಗಳ ದಿನಾಂಕವಿತ್ತು. ಮಲೆನಾಡಿನಲ್ಲಿ ಜುಲೈನಲ್ಲಿ ಅಳೆದರೆ ಯಾವ ಗುಂಡಿಯೂ ಚೆನ್ನಾಗಿಯೇ ಕಾಣುತ್ತದೆ. ನೆಲ ಪೂರ್ತಿ ನೆನೆದಿರುತ್ತದೆ. ಸಿಡಿಲಿನ ಕಾಟ ಜಾಸ್ತಿ ಇರುವುದು ಮುಂಗಾರಿಗೆ ಮೊದಲು, ನೆಲ ಕಾದು ಒಣಗಿದ್ದಾಗ. ಆಗ ಅರ್ತ್ ಟೆಸ್ಟರ್ ಇಟ್ಟು ಮೂರು ರಾಡಿನ ವಿಧಾನದಲ್ಲಿ ಅಳೆದೆವು. ಮನೆಯ ಗುಂಡಿ 18 ಓಮ್, ಕಂಬದ್ದು 34.

ಮಾಡಿದ ಕೆಲಸ

ಮೊದಲು ಎರಡು ಗುಂಡಿಗಳನ್ನು ಸೇರಿಸಿದೆವು. ರೇಡಿಯೋ ಕೇಬಲಿನ ದಾರಿಯಲ್ಲೇ ಅರ್ಧ ಮೀಟರ್ ಆಳದ ಚರಂಡಿ ತೆಗೆಸಿ ಜಿಐ ಪಟ್ಟಿ ಹೂತೆವು. ನಡುವೆ ಅಲ್ಲಲ್ಲಿ ರಾಡ್ ಇಳಿಸಿದೆವು. ಕೇಬಲನ್ನು ಅದೇ ಚರಂಡಿಯಲ್ಲಿ ಪಟ್ಟಿಗೆ ಹತ್ತಿರವೇ ತಂದದ್ದರಿಂದ ಅಲ್ಲಿನ ಸುತ್ತೂ ಚಿಕ್ಕದಾಯಿತು. ಒಣ ನೆಲದಲ್ಲೇ ಎರಡೂ ಸೇರಿ 9 ಓಮ್‌ಗೆ ಇಳಿಯಿತು. ಆ ಸಂಖ್ಯೆಗಿಂತ ಎರಡೂ ಒಂದಾದದ್ದು ಮುಖ್ಯ. ಹಾಗೆಂದು ಪಟ್ಟಿ ಹೂತರೆ ಎಲ್ಲ ಮುಗಿಯಿತು ಎಂದಲ್ಲ. ಸಿಡಿಲಿನ ವೇಗಕ್ಕೆ 35 ಮೀಟರ್ ಕಬ್ಬಿಣವೂ ದೊಡ್ಡ ಅಡ್ಡಿಯೇ. ಆದ್ದರಿಂದ ಕೇಬಲಿನ ಎರಡೂ ತುದಿಗೆ ಸರ್ಜನ್ನು ಅರ್ತಿಗೆ ತಿರುಗಿಸುವ ಸರ್ಜ್ ಪ್ರೊಟೆಕ್ಟರ್, ಅಂದರೆ ಎಸ್‌ಪಿಡಿ, ಬೇಕೇ ಬೇಕು. ಒಂದನ್ನು ಕಂಬದ ಮೇಲೆ ರೇಡಿಯೋ ಪಕ್ಕದಲ್ಲಿ, ಇನ್ನೊಂದನ್ನು ಆಫೀಸಿನ ಗೋಡೆಯಲ್ಲಿ ಹಾಕಿದೆವು.

ಆಫೀಸಿನ ಗೋಡೆಯ ಕೆಲಸಕ್ಕೇ ಜಾಸ್ತಿ ಹೊತ್ತು ಹಿಡಿಯಿತು. ಅದನ್ನೇ ಜಾಸ್ತಿ ಜನ ಕೆಡಿಸುವುದು. ಹಳೆಯ ಮೇನ್ ಬೋರ್ಡಿನಲ್ಲಿ ಒಂದು ಎಸ್‌ಪಿಡಿ ಮೊದಲೇ ಇತ್ತು, ಒಳ್ಳೆಯದೇ. ಅದರ ಹಸಿರು ವೈರ್ ಎರಡೂವರೆ ಮೀಟರ್ ಉದ್ದ. ಉಳಿದ ವೈರನ್ನು ಅಚ್ಚುಕಟ್ಟಾಗಿ ಸುರುಳಿ ಸುತ್ತಿ ಟೈ ಹಾಕಿದ್ದರು. ನೋಡಲು ಚೆಂದ. ಆದರೆ ಒಂದು ಮೀಟರ್ ವೈರಿಗೆ ಸುಮಾರು ಒಂದು ಮೈಕ್ರೋಹೆನ್ರಿ ಇಂಡಕ್ಟನ್ಸ್ (ಕರೆಂಟು ದಿಢೀರ್ ಏರುವುದಕ್ಕೆ ಒಡ್ಡುವ ಅಡ್ಡಿ) ಇರುತ್ತದೆ. ಎಸ್‌ಪಿಡಿಗಳನ್ನು ಪರೀಕ್ಷಿಸುವ 8/20 ಅಲೆಯಂತೆ 10 ಕಿಲೋ ಆಂಪಿಯರ್ 8 ಮೈಕ್ರೋಸೆಕೆಂಡಿನಲ್ಲಿ ಏರಿದರೆ, ಪ್ರತಿ ಮೀಟರಿಗೆ 1,250 ವೋಲ್ಟ್ ಆ ವೈರಿನ ಮೇಲೇ ಬೀಳುತ್ತದೆ. ಎರಡೂವರೆ ಮೀಟರಿಗೆ 3,000 ದಾಟುತ್ತದೆ, ಸುರುಳಿ ಸುತ್ತಿದರೆ ಇನ್ನೂ ಜಾಸ್ತಿ. ಎಸ್‌ಪಿಡಿ ತನ್ನ ಪಾಲಿನ ಕೆಲಸ ಮಾಡಿದರೂ ಈ 3,000 ವೋಲ್ಟ್ ಸಲಕರಣೆಯ ಮೇಲೆ ಬಿದ್ದೇ ಬೀಳುತ್ತದೆ. ಎಸ್‌ಪಿಡಿಗೆ ಬರುವ ವೈರ್, ಅಲ್ಲಿಂದ ಅರ್ತಿಗೆ ಹೋಗುವ ವೈರ್ ಎರಡೂ ಸೇರಿ ಅರ್ಧ ಮೀಟರ್ ಮೀರಬಾರದು ಎಂಬ ನಿಯಮ ಇರುವುದು ಇದಕ್ಕೇ.

ಹಾಗಾಗಿ ಎಲ್ಲವನ್ನೂ ಒಂದೇ ಗೋಡೆಗೆ ತಂದೆವು. ಒಂದು ತಾಮ್ರದ ಬಾರ್. ಅದರ ಮೇಲೆ ಪಕ್ಕಪಕ್ಕದಲ್ಲಿ ಮೇನ್ ಲೈನಿನ ಟೈಪ್ 2 (ಮೇನ್ ಬೋರ್ಡಿಗೆ ಹಾಕುವ ಬಗೆಯ) ಎಸ್‌ಪಿಡಿ, ರೇಡಿಯೋ ಕೇಬಲಿನ ಎಸ್‌ಪಿಡಿ, ಫೋನ್ ಲೈನಿನ ಎಸ್‌ಪಿಡಿ, ರಾಕ್‌ನ (ರೂಟರ್, ಸ್ವಿಚ್ ಇಡುವ ಚೌಕಟ್ಟಿನ) ಅರ್ತ್, ಮೇನ್ ಬೋರ್ಡಿನ ಅರ್ತ್. ಬಾರಿನಿಂದ ನೇರ ಗುಂಡಿಗೆ ಒಂದು ಪಟ್ಟಿ. ಹೊರಗಿನಿಂದ ಬರುವ ಯಾವ ತಂತಿಯೂ ಈ ಬಾರಿನ ಪಕ್ಕ ಹಾದು ಹೋಗದೆ ಒಳಗೆ ಬರುವಂತಿಲ್ಲ. ಎಲೆಕ್ಟ್ರಿಷಿಯನ್‌ಗೆ ನಾನು ಹಾಕಿದ ಷರತ್ತು ಇದೊಂದೇ.

ಗೋಡೌನಿಗೆ ತಾಮ್ರವನ್ನೇ ತೆಗೆದುಹಾಕಿದೆವು. ಕಟ್ಟಡದಿಂದ ಕಟ್ಟಡಕ್ಕೆ ಹೋಗುವ ಲೈನಿಗೆ ಫೈಬರ್‌ಗಿಂತ ಒಳ್ಳೆಯ ಸರ್ಜ್ ಪ್ರೊಟೆಕ್ಟರ್ ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ. ಎರಡೂ ಕಡೆ ಫೈಬರನ್ನು ನೆಟ್‌ವರ್ಕ್ ಕೇಬಲಿಗೆ ಜೋಡಿಸುವ ಒಂದೊಂದು ಮೀಡಿಯಾ ಕನ್ವರ್ಟರ್ ಸಾಕು. ಆದರೆ ಕೇಬಲ್ ಆರಿಸುವಾಗ ಹುಷಾರಾಗಿರಬೇಕು. ಪೇಟೆಯಲ್ಲಿ ಸುಲಭವಾಗಿ ಸಿಗುವ ಆರ್ಮರ್ಡ್ ಫೈಬರ್‌ನಲ್ಲಿ ಉಕ್ಕಿನ ಕವಚವಿರುತ್ತದೆ, ಡ್ರಾಪ್ ಕೇಬಲಿನಲ್ಲಿ ಉಕ್ಕಿನ ತಂತಿಯಿರುತ್ತದೆ. ಅದನ್ನು ಹಾಗೆಯೇ ಎಳೆದು ತಂದು ರಾಕಿನವರೆಗೂ ಬಿಟ್ಟರೆ ಮತ್ತೆ ತಂತಿ ಎಳೆದ ಹಾಗೇ ಆಯಿತು. ಇಲ್ಲಿ ಉಕ್ಕಿಲ್ಲದ ಫೈಬರ್ ತಂದೆವು. ಇಲಿ, ಹೆಗ್ಗಣದ ಭಯಕ್ಕೆ ಸ್ಪ್ರಿಂಕ್ಲರ್ ಕೆಲಸದಲ್ಲಿ ಉಳಿದಿದ್ದ ಎಚ್‌ಡಿಪಿಇ ಪೈಪಿನೊಳಗೆ ತೂರಿಸಿ ಹೂತೆವು. ಗೋಡೌನಿನ ಫೋನನ್ನೂ ಅದೇ ಫೈಬರ್ ಮೇಲೆ ಐಪಿ ಫೋನ್ ಮಾಡಿದೆವು.

ಗೇಟಿನ ಫೋನ್ ಲೈನ್ ತಾಮ್ರದಲ್ಲೇ ಉಳಿಯಿತು. ಅದಕ್ಕೆ ಹಳೆಯ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಪ್ರತಿ ಜೋಡಿ ತಂತಿಗೂ ಇರುತ್ತಿದ್ದ ಉಪಾಯವನ್ನೇ ಮಾಡಿದೆವು: ಕ್ರೋನ್ ಮಾಡ್ಯೂಲಿನ (ಫೋನ್ ತಂತಿಗಳನ್ನು ಜೋಡಿಸುವ ಪಟ್ಟಿ) ಮೇಲೆ ಗ್ಯಾಸ್ ಡಿಸ್ಚಾರ್ಜ್ ಟ್ಯೂಬ್. ಬೆರಳ ತುದಿಯಷ್ಟು ಚಿಕ್ಕ ಸಿರಾಮಿಕ್ ಟ್ಯೂಬು, ಒಳಗೆ ಅನಿಲ. 230 ವೋಲ್ಟಿನ ಟ್ಯೂಬ್ ಹಾಕಿದೆವು. ಲೈನಿನಲ್ಲಿ 48 ವೋಲ್ಟ್ ಡಿಸಿ ಇರುತ್ತದೆ, ಅದರ ಮೇಲೆ ರಿಂಗ್ ಬಂದಾಗ 75 ವೋಲ್ಟ್ ಎಸಿ. ಎರಡೂ ಸೇರಿದ ತುದಿ ಸುಮಾರು 155 ವೋಲ್ಟ್. ಅದಕ್ಕೆ ಟ್ಯೂಬು ಅಲುಗಾಡುವುದಿಲ್ಲ. ಸರ್ಜ್ ಬಂದರೆ ಒಳಗೆ ಕಿಡಿ ಹತ್ತಿ ದೊಡ್ಡ ಕರೆಂಟನ್ನು ಬಾರಿಗೆ ತಿರುಗಿಸುತ್ತದೆ. ಅದರ ಒಂದು ಕೊರತೆ ನಿಧಾನ. ಕಿಡಿ ಹತ್ತುವ ಹೊತ್ತಿಗೆ ವೋಲ್ಟೇಜ್ ಐನೂರು ಆರುನೂರಕ್ಕೆ ಏರಿಬಿಡುತ್ತದೆ. ಆದ್ದರಿಂದ ಅದರ ಹಿಂದೆ ಸಣ್ಣ ಆದರೆ ಚುರುಕಾದ ಟಿವಿಎಸ್ ಡಯೋಡ್ ಇರುವ ಮಾಡ್ಯೂಲನ್ನೇ ಆರಿಸಿದೆವು. ಭಾರ ಹೊರುವುದು ಒಂದು, ಓಡಿ ಹೋಗಿ ಹಿಡಿಯುವುದು ಇನ್ನೊಂದು.

ಕರೆಂಟ್ ಕಡೆ ಒಂದು ವಿಷಯ ಹೇಳಲೇಬೇಕು, ಯಾಕೆಂದರೆ ಇದನ್ನೂ ಸಿಡಿಲಿನ ಲೆಕ್ಕಕ್ಕೇ ಬರೆಯುತ್ತಾರೆ. ಹಿಂದಿನ ವರ್ಷ ಗಾಳಿ ಮಳೆಯ ಮಾರನೆಯ ದಿನ, ಕರೆಂಟ್ ವಾಪಸ್ ಬಂದ ಮೇಲೆ ಯುಪಿಎಸ್ ಮತ್ತು ಹಳೆಯ ಎಸ್‌ಪಿಡಿ ಎರಡೂ ಹೊಗೆ ಬಂದು ಹೋಗಿದ್ದವು. ಅದು ಸಿಡಿಲಲ್ಲ. ಕೊಂಬೆ ಬಿದ್ದು ಲೈನಿನಲ್ಲಿ ನ್ಯೂಟ್ರಲ್ (ಕರೆಂಟು ವಾಪಸ್ ಹೋಗುವ ತಂತಿ) ಕಟ್ ಆಗಿತ್ತು. ಆಗ 230 ಇರಬೇಕಾದಲ್ಲಿ ಮುನ್ನೂರು ದಾಟುತ್ತದೆ, 400ರ ಹತ್ತಿರಕ್ಕೂ ಹೋಗಬಹುದು. ಸರ್ಜ್ ಇರುವುದು ಮೈಕ್ರೋಸೆಕೆಂಡುಗಳ ಕಾಲ. ಇದು ನಿಮಿಷಗಟ್ಟಲೆ ಇರುತ್ತದೆ. ಎಸ್‌ಪಿಡಿಯೊಳಗೆ ಸರ್ಜ್ ಹೀರುವ ಭಾಗವಾದ ಎಂಒವಿ ಅಷ್ಟು ಹೊತ್ತು ಕರೆಂಟು ಹೀರಿದರೆ ಕಾದು ಸುಡುತ್ತದೆ. ಇದಕ್ಕೆ ಔಷಧ ಬೇರೆ: 270 ವೋಲ್ಟ್ ಆದರೆ ಲೈನನ್ನೇ ಕಡಿಯುವ ವೋಲ್ಟೇಜ್ ಪ್ರೊಟೆಕ್ಟರ್ ರಿಲೇ. ಅದು ಸಿಡಿಲನ್ನು ತಡೆಯಲಾರದು, ಅಷ್ಟು ವೇಗ ಅದಕ್ಕಿಲ್ಲ. ಎಸ್‌ಪಿಡಿ ನ್ಯೂಟ್ರಲ್ ಕಟ್ಟನ್ನು ತಡೆಯಲಾರದು. ಎರಡೂ ಬೇಕು, ಲೈನ್ ಬರುವ ಕಡೆ ಎಸ್‌ಪಿಡಿ ಮುಂದೆ, ರಿಲೇ ಅದರ ಹಿಂದೆ. ರಿಲೇಗಿಂತ ಮುಂದೆ ಇರುವ ಎಸ್‌ಪಿಡಿಗೆ ರಿಲೇಯ ಆಸರೆ ಸಿಗುವುದಿಲ್ಲ, ಆದ್ದರಿಂದ 275 ವೋಲ್ಟಿನದ್ದು ಬೇಡವೆಂದು 320 ವೋಲ್ಟ್ ನಿರಂತರ ತಡೆಯುವುದನ್ನು ಹಾಕಿ, ಅದಕ್ಕೆ ಬೇರೆ ಫ್ಯೂಸ್ ಕೊಟ್ಟೆವು.

ಜನರ ಮಾತು

ಸಾಮಾನಿನ ಜೊತೆಗೆ ಜನರ ಬಗ್ಗೆಯೂ ಅಲ್ಲಿ ಮಾತಾಡಬೇಕಾಯಿತು. ಗುಡುಗುವಾಗ ಗೋಡೌನಿನಿಂದ ಆಫೀಸಿಗೆ ಇಂಟರ್‌ಕಾಮ್‌ನಲ್ಲಿ ಮಾತಾಡುವ ಅಭ್ಯಾಸ ಅಲ್ಲಿತ್ತು. ಹೊರಗಿನಿಂದ ತಂತಿ ಬರುವ ಫೋನನ್ನು ಆ ಹೊತ್ತಿನಲ್ಲಿ ಕಿವಿಗೆ ಹಿಡಿಯಲೇಬಾರದು. ಗೋಡೌನಿಗೆ ಈಗ ಆ ತಂತಿ ಇಲ್ಲ, ಆದರೆ ಗೇಟಿನಲ್ಲಿ ಇದೆ. ಗೇಟಿನವರಿಗೆ ಮೊಬೈಲ್ ಬಳಸಲು ಹೇಳಿದೆವು. ಮೊಬೈಲ್ ಸಿಡಿಲನ್ನು ಎಳೆಯುತ್ತದೆ ಎನ್ನುವುದು ಸುಮ್ನೆ ಮಾತು. ಅದಕ್ಕೆ ಹೊರಗಿನ ತಂತಿಯೇ ಇಲ್ಲ. ಅಪಾಯ ಇರುವುದು ಮರದ ಕೆಳಗೆ, ಬಯಲಿನಲ್ಲಿ ನಿಂತು ಮಾತಾಡುವುದರಲ್ಲಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪನ್ನು ರೈಟರ್ ಮತ್ತು ಮೇಸ್ತ್ರಿ ಇಬ್ಬರ ಫೋನಿಗೂ ಹಾಕಿಕೊಟ್ಟೆವು. ಎಚ್ಚರಿಕೆ ಬಂದರೆ ಮೊದಲು ಸಿಲ್ವರ್ ಮರಗಳ ಕೆಳಗಿನ ಆಳುಗಳನ್ನು ಕಟ್ಟಡದೊಳಗೆ ಕರೆಸುವುದು, ಸಾಮಾನಿನ ಯೋಚನೆ ಆಮೇಲೆ.

ಮುಂದಿನ ಹೂಮಳೆ

ಮರು ವರ್ಷದ ಏಪ್ರಿಲ್‌ನಲ್ಲಿ ಮತ್ತೆ ಜೋರು ಗುಡುಗು ಬಂತು. ಆ ರಾತ್ರಿ ಇಂಟರ್ನೆಟ್ ನಿಂತಿತು. ಬೆಳಿಗ್ಗೆ ನೋಡಿದರೆ ರೇಡಿಯೋ, ರೂಟರ್, ಸ್ವಿಚ್ ಮೂರೂ ಸರಿಯಾಗಿವೆ. ಕಂಬದ ಮೇಲಿನ ಎಸ್‌ಪಿಡಿ ತಾನು ಹೊಡೆತ ತಿಂದು ಶಾರ್ಟ್ ಆಗಿತ್ತು. ಅದನ್ನು ಬದಲಾಯಿಸಿದ ಕೂಡಲೇ ಲಿಂಕ್ ಬಂತು. ಮೇನ್ ಬೋರ್ಡಿನ ಎಸ್‌ಪಿಡಿಯ ಕಿಟಕಿ ಹಸಿರಾಗಿಯೇ ಇತ್ತು, ಅಂದರೆ ಅದು ಕೆಟ್ಟಿರಲಿಲ್ಲ. ಇಪಿಎಬಿಎಕ್ಸ್‌ಗೆ ಏನೂ ಆಗಿರಲಿಲ್ಲ.

ಗೇಟಿನ ಕ್ಯಾಮೆರಾ ಮಾತ್ರ ಸುಟ್ಟಿತು. ಅಲ್ಲಿಗೆ ಫೈಬರ್ ಎಳೆಯುವುದನ್ನು ಖರ್ಚಿನ ಕಾರಣಕ್ಕೆ ಮುಂದಕ್ಕೆ ಹಾಕಿದ್ದರು. ಆಫೀಸ್ ತುದಿಯಲ್ಲಿ ಎಸ್‌ಪಿಡಿ ಇದ್ದದ್ದರಿಂದ ಸ್ವಿಚ್ ಉಳಿಯಿತು. ಕ್ಯಾಮೆರಾ ತುದಿಯಲ್ಲಿ ಇರಲಿಲ್ಲ, ಅದು ಹೋಯಿತು. ಒಂದೇ ಕೇಬಲಿನ ಎರಡು ತುದಿ ಎರಡು ಥರ ಆದದ್ದನ್ನು ಮಾಲೀಕರು ತಾವೇ ಗಮನಿಸಿ, ಕೊಯ್ಲು ಮುಗಿದ ಮೇಲೆ ಗೇಟಿಗೂ ಫೈಬರ್ ಹಾಕಿಸಿ ಎಂದರು. ಸಿಡಿಲು ನೇರ ಕಂಬಕ್ಕೇ ಬಡಿದರೆ ರೇಡಿಯೋ ಉಳಿಯುತ್ತದೆಂಬ ಭರವಸೆಯನ್ನು ನಾನು ಅವರಿಗೆ ಕೊಟ್ಟಿಲ್ಲ. ಆಗಲೂ ಹಾನಿ ಕಂಬದ ತುದಿಗೇ ನಿಲ್ಲಲಿ, ಆಫೀಸಿನವರೆಗೆ ಬರದಿರಲಿ ಎಂಬುದು ಈ ಜೋಡಣೆಯ ಗುರಿ.

ವರ್ಷಕ್ಕೊಮ್ಮೆ ಮಾಡಬೇಕಾದ ಕೆಲಸ ಈಗ ರೈಟರ್ ಕೈಯಲ್ಲಿದೆ. ಫೆಬ್ರವರಿ ಕೊನೆಗೆ, ಮೊದಲ ಗುಡುಗಿಗೆ ಮುಂಚೆ, ಬಾರಿನ ನಟ್ಟುಗಳನ್ನು ಬಿಗಿ ಮಾಡುವುದು, ಎಸ್‌ಪಿಡಿ ಕಿಟಕಿಗಳನ್ನು ನೋಡುವುದು, ಟೆಸ್ಟರ್ ತರಿಸಿ ಅರ್ತ್ ಅಳೆಯುವುದು. ದಿನಾ ಮಳೆಯ ಇಂಚು ಸೆಂಟು ಬರೆಯುವ ಪುಸ್ತಕದಲ್ಲೇ ಅವರು ಓಮ್‌ಗೂ ಒಂದು ಕಾಲಂ ಗೆರೆ ಹಾಕಿಕೊಂಡಿದ್ದಾರೆ. 9 ಇದ್ದದ್ದು ಇದ್ದಕ್ಕಿದ್ದಂತೆ ಇಪ್ಪತ್ತು ಆದರೆ ಮಣ್ಣನ್ನು ಬೈಯುವ ಮೊದಲು ಚರಂಡಿಯ ನಡುವಿನ ಜಾಯಿಂಟುಗಳನ್ನು ಅಗೆದು ನೋಡಬೇಕು. ಜಿಐ ಪಟ್ಟಿ ತುಕ್ಕು ಹಿಡಿದು ಕಡಿಯುವುದು ಸಾಮಾನ್ಯವಾಗಿ ಅಲ್ಲೇ.